ಬಾಲ ಆಡಿಸದ ಗಾಡಿ

“ನಿಲ್ಲಿಸ್ರೋ! ನಿಲ್ಲಿಸ್ರೋ ಯಪ್ಪಾ! ನನ್ನ ಹೆಂಡ್ತಿ ಮಕ್ಕಳು ಬೀದಿಪಾಲಾಗ್ತಾರ!”

ಜೀಪಿನ ಹಿಂದೆ ಕಟ್ಟಿದ್ದ ತಗಡಿನ ಗಾಡಿಯೊಳಗಿಂದ ಪೇದೆ ಮಾಪಣ್ಣ ಬೊಬ್ಬೆ ಹೊಡೆಯುತ್ತಿದ್ದ. ಮಹಾಗಾಂವದ ಇಳಿಜಾರಿನಲ್ಲಿ ಆ ಗಾಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಯ್ದಾಡುತ್ತ, ಮುಂದಿದ್ದ ಜೀಪನ್ನೂ ತನ್ನ ಜೊತೆ ಎಳೆದಾಡುತ್ತಿತ್ತು. ಮುರಮಿನ ಕೆಂಪು ಧೂಳು ಎದ್ದು ಹಿಂದಿನ ದಾರಿಯೇ ಕಾಣದಂತಾಗಿತ್ತು.

“ಬ್ರೇಕ್ ಹಾಕೋ ಮೈಬೂಬ!” ಪಕ್ಕದ ಸೀಟಿನಿಂದ ಮಾಣಿಕಪ್ಪ ಕೂಗಿದ.

“ಹಾಕಿದ್ರ ಸತ್ತೀವ್ರಿ ಸಾಬ್! ಹಿಂದಿಂದು ಬಂದು ನಮ್ಮ ಮ್ಯಾಲೇ ಕುಂದರ್ತದ. ನೀವು ಗಟ್ಟಿ ಹಿಡ್ಕೋರಿ, ಗೇರ್ ಮ್ಯಾಲೇ ಇಳಿಸ್ತೀನಿ.”

ಮೈಬೂಬನ ಎಡಗೈಗೆ ಬೇಡಿ ಹಾಗೇ ಇತ್ತು. ಬಲಗೈ ಬಿಚ್ಚಿದ್ದರಿಂದ ಅದರ ಇನ್ನೊಂದು ಬಳೆ ಜೋತುಬಿದ್ದು, ಸ್ಟಿಯರಿಂಗಿಗೆ ಬಡಿದು ಟಣ್ ಟಣ್ ಅನ್ನುತ್ತಿತ್ತು. ಕೊಲೆಯ ಆರೋಪ ಹೊತ್ತವನ ಕೈಗೆ ತನ್ನ ಪ್ರಾಣ ಕೊಟ್ಟು ಕುಳಿತ ಅಮೀನ ಇಡೀ ಹೈದರಾಬಾದ್ ಸಂಸ್ಥಾನದಲ್ಲಿ ತಾನೊಬ್ಬನೇ ಇರಬೇಕು ಎಂದುಕೊಂಡ ಮಾಣಿಕಪ್ಪ. ಹೊಸ ಸರಕಾರ ಬಂದು ಅವನನ್ನು ಸಬ್ ಇನ್ಸ್‌ಪೆಕ್ಟರ್ ಎಂದು ಕರೆದಿತ್ತು, ನಿಜ. ಊರಿಗೆ ಮಾತ್ರ ಅವನು ಇನ್ನೂ ಅಮೀನ ಸಾಹೇಬನೇ.

ಕಲಬುರ್ಗಿಯಿಂದ ಇದೇ ಗಾಡಿಯಲ್ಲಿ ಮಲಗಿ ಕಮಲಾಪುರಕ್ಕೆ ಹೊರಟಿದ್ದ ಸಿಡುಬಿನ ಡಾಕ್ಟರ್ ಸಲಾವುದ್ದೀನ್ ಅಲ್ಲಿ ಮುಟ್ಟುವಷ್ಟರಲ್ಲಿ ಮಾಯವಾಗಿದ್ದ. ಗಾಡಿ ಎಳೆದುಕೊಂಡು ಹೋದ ಡ್ರೈವರ್ ಮೈಬೂಬನನ್ನು ನಾಳೆ ಬೆಳಗಿನ ರೈಲಿಗೆ ಹೈದರಾಬಾದಿಗೆ ಸಾಗಹಾಕಬೇಕೆಂದು ದೊಡ್ಡ ಸಾಹೇಬರ ಹುಕುಂ ಆಗಿತ್ತು. ಅಲ್ಲಿಯ ವಿಶೇಷ ಕೋರ್ಟಿಗೆ ಹೋದವರು ತಿರುಗಿ ಬಂದದ್ದನ್ನು ಮಾಣಿಕಪ್ಪ ಕಂಡಿರಲಿಲ್ಲ.

ಇಳಿಜಾರು ಮುಗಿಯಿತು. ಗಾಡಿಯ ಓಲಾಟ ಮೆಲ್ಲಗೆ ತಗ್ಗಿತು. ಬೇವಿನ ಮರದ ಕೆಳಗೆ ಮೈಬೂಬ ಜೀಪು ನಿಲ್ಲಿಸಿದ್ದೇ ತಡ, ಹಿಂದಿನ ಬಾಗಿಲು ತೆರೆದು ಮಾಪಣ್ಣ ಹೊರಗೆ ಬಿದ್ದ. ಬೆಳಿಗ್ಗೆ ತಿಂದ ಮಂಡಕ್ಕಿ ಸುಸಲಾ ಅಷ್ಟನ್ನೂ ಬೇವಿನ ಬೇರಿಗೆ ಅರ್ಪಿಸಿದ.

“ಸಾಹೇಬ್ರ, ನನ್ನ ನೌಕರಿ ಬೇಕಾದ್ರ ತಗೋರಿ. ಆ ಡಬ್ಬಿಯೊಳಗ ಇನ್ನೊಮ್ಮಿ ಕಾಲಿಡಂಗಿಲ್ಲ,” ಎಂದು ಅಲ್ಲೇ ನೆಲಕ್ಕೆ ಕುಳಿತ.

“ಹಾಸಿಗಿ ಬಿಟ್ಟು ಎದ್ದಿದ್ದೇನೋ?”

“ಏಳೋದೆಲ್ಲಿ ಬಂತ್ರಿ! ಹಲಗಿ ಅಪ್ಪಿಕೊಂಡು ಬಿದ್ದಿದ್ದೆ. ಬಿಟ್ರ ಗೋಡಿಗೆ ಬಡೀತಿತ್ತು ತಲಿ.”

ಮಾಣಿಕಪ್ಪ ಇಳಿದು ಗಾಡಿಯ ಸುತ್ತ ಒಂದು ಸುತ್ತು ಬಂದ. ಅದೆಷ್ಟನೆಯ ಸಲವೋ. ಮಿಲಿಟರಿಯವರು ಹರಾಜಿಗೆ ಹಾಕಿದ ಜೀಪು ಅದು; ಅವರದೇ ಎರಡು ಗಾಲಿಯ ಸಾಮಾನು ಗಾಡಿ. ಅದರ ಮೇಲೆ ನೆಹರು ಗಂಜಿನ ಕಮ್ಮಾರನಿಂದ ತಗಡಿನ ಮನೆ ಕಟ್ಟಿಸಿದ್ದು ಡಾಕ್ಟರ್ ಸಲಾವುದ್ದೀನ್. ಹಳ್ಳಿ ಹಳ್ಳಿ ತಿರುಗಿ ಸಿಡುಬಿನ ಚುಚ್ಚುಮದ್ದು ಹಾಕುವವನಿಗೆ ಇದ್ದಲ್ಲೇ ಮಲಗಲು ಜಾಗ ಬೇಕಲ್ಲ! ಮುಂಭಾಗಕ್ಕೆ ನೀರಿನ ಪೀಪಾಯಿ, ಔಷಧಿಯ ಕಪಾಟು. ನಡುವೆ ಸ್ಟೋವು. ಗಾಲಿಗಳನ್ನು ದಾಟಿ ತೀರಾ ಹಿಂದಕ್ಕೆ ಮಲಗುವ ಹಲಗೆ. ಊರಿನ ಬಾಯಲ್ಲಿ ಇದಕ್ಕೆ ಗಾಡಿಮನಿ ಎಂದೇ ಹೆಸರು.

ಇದನ್ನು ಎಳೆಯಲು ಮೈಬೂಬನೇ ಬೇಕಾಗಿತ್ತು. ದೊಡ್ಡ ಸಾಹೇಬರ ಸ್ವಂತ ಡ್ರೈವರ್ ಮೊನ್ನೆ ಐವಾನ್-ಎ-ಶಾಹಿಯ ಅಂಗಳದಲ್ಲಿ ಇದನ್ನು ಹಿಂದಕ್ಕೆ ಒಯ್ಯಲು ಹೋಗಿ, ಸ್ಟಿಯರಿಂಗ್ ಅತ್ತ ತಿರುಗಿಸಿದರೆ ಗಾಡಿ ಇತ್ತ ತಿರುಗಿ, ಅತಿಥಿಗೃಹದ ಕಾಂಪೌಂಡು ಕೆಡವಿದ್ದ. ಆಮೇಲೆಯೇ, ಆ ದಿನದ ಪ್ರಯಾಣವನ್ನು ಮತ್ತೊಮ್ಮೆ ಮಾಡಿ ನೋಡಲು ಕೈದಿಯನ್ನು ಒಂದು ದಿನದ ಮಟ್ಟಿಗೆ ಹೊರಗೆ ಬಿಡಲು ಸಾಹೇಬರು ಗೊಣಗುತ್ತ ಒಪ್ಪಿದ್ದು.

“ಈಗ ಹೇಳು ಮೈಬೂಬ. ಆವತ್ತೂ ಹಿಂಗೇ ಆಡಿಸ್ತೇನು ಬಾಲ?”

“ಇದಕ್ಕಿಂತ ಜೋರ ಆಡಿಸ್ತು ಸಾಬ್. ಈ ಇಳಿಜಾರಿನ ನಡುಮಟ್ಟ ಬಂದಾಗ ಒಮ್ಮಿಂದೊಮ್ಮೆ ನಿಂತುಬಿಡ್ತು. ಆಮ್ಯಾಲ ಕಮಲಾಪುರ ಮುಟ್ಟೋತನಕ ಮಿಸುಕಲಿಲ್ಲ.”

“ಇಳಿಜಾರು ಮುಗಿಯೋಕಿಂತ ಮೊದಲೇ?”

“ಮೊದಲೇ. ಖರೇ ಹೇಳ್ತೀನಿ ಸಾಬ್.”

ಈ ಖರೇ ಮಾತೇ ಅವನ ಕುತ್ತಿಗೆಗೆ ಬಂದಿತ್ತು. ಮೊದಲ ದಿನವೇ ಯಾರೂ ಕೇಳದಿದ್ದರೂ ಇದನ್ನು ಹೇಳಿದ್ದ, ಪುಣ್ಯಾತ್ಮ. ದೊಡ್ಡ ಸಾಹೇಬರು ಮೇಜು ಗುದ್ದಿದ್ದರು. ಓಲಾಟ ನಿಂತಿತೆಂದರೆ ಒಳಗಿನ ಭಾರ ಇಳಿಯಿತು. ಅಂದರೆ ಹೆಣವನ್ನು ಮಹಾಗಾಂವದಲ್ಲೇ ಎಸೆದಿದ್ದಾನೆ, ಮುಗಿಯಿತು ಕಥೆ! ಹಾಸಿಗೆಯ ಬುಡದಲ್ಲಿ ಡಾಕ್ಟರರ ಕನ್ನಡಕ ಸಿಕ್ಕಿತ್ತು, ಒಂದು ಗಾಜು ಸೀಳಿತ್ತು. ಕನ್ನಡಕವಿಲ್ಲದೆ ಆ ಮನುಷ್ಯನಿಗೆ ಬಾಗಿಲು ಯಾವುದು ಗೋಡೆ ಯಾವುದು ತಿಳಿಯುತ್ತಿರಲಿಲ್ಲ. ತಾನಾಗಿ ಎದ್ದು ಹೋದ ಎನ್ನುವ ಹಾಗಿರಲಿಲ್ಲ. ಸಂಸ್ಥಾನ ಬೀಳುವ ಮುಂಚಿನ ಗಲಾಟೆಯ ವರ್ಷದಲ್ಲಿ ಯಾರು ಏನು ಮಾಡಿದರು ಎಂದು ಡಾಕ್ಟರ್ ವಿಚಾರಣೆಯ ಮುಂದೆ ಸಾಕ್ಷಿ ನುಡಿಯುವವರಿದ್ದರು. ಮೈಬೂಬನ ಹೆಸರನ್ನೂ ಹೇಳುತ್ತಾರೆಂಬ ಗಾಳಿಸುದ್ದಿ ರೋಜಾ ಓಣಿಯ ಚಹಾದಂಗಡಿಗಳಲ್ಲಿ ಹಬ್ಬಿತ್ತು. ಇನ್ನೇನು ಬೇಕು?

ಬೇಕಾದದ್ದು ಹೆಣ. ಮಹಾಗಾಂವದ ಬಾವಿ, ಹಳ್ಳ, ತೊಗರಿ ಹೊಲಗಳನ್ನೆಲ್ಲ ಮಾಣಿಕಪ್ಪ ಜಾಲಾಡಿಸಿದ್ದ. ಕಾಲ್ಬೆರಳ ಸಂದಿ ಬಿರಿದದ್ದಷ್ಟೇ ಬಂತು.

ಅವನು ಮಾಪಣ್ಣನನ್ನು ನೋಡಿದ. ಒಣಗಿದ ಜೋಳದ ದಂಟಿನಂಥ ಮನುಷ್ಯ. ಡಾಕ್ಟರೂ ಅಷ್ಟೇ ತೆಳ್ಳಗಿದ್ದರು. ಅದಕ್ಕೇ ಇವನನ್ನು ಆರಿಸಿ ತಂದದ್ದು. ಹಾಗಾದರೆ ಆ ದಿನ ಇದಕ್ಕಿಂತ ಜೋರಾಗಿ ಬಾಲ ಆಡಿಸಿದ್ದು ಯಾಕೆ?

ಜೀಪಿನ ಹಿಂಬದಿಯ ಸೀಟು ನರಳಿತು. ಅಲ್ಲಿ ದವಾಖಾನೆಯ ಕಂಪೌಂಡರ್ ದತ್ತಪ್ಪ ಕುಳಿತಿದ್ದ. ಡಾಕ್ಟರರ ಸಾಮಾನು ಯಾವುದು, ದವಾಖಾನೆಯದು ಯಾವುದು ಎಂದು ಗುರುತಿಸಲು ಅವನನ್ನು ಕರೆತಂದಿದ್ದರು. ಇಬ್ಬರು ಕೂರುವ ಸೀಟಿನಲ್ಲಿ ಒಬ್ಬನೇ ತುಂಬಿಕೊಂಡು, ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

“ದತ್ತಪ್ಪನವ್ರ, ಕಮಲಾಪುರತನಕ ನೀವು ಒಳಗ ಮಲಗ್ರಿ.”

“ನಾನಾ?” ಟವೆಲು ನಿಂತಿತು. “ನನಗ ಎದಿನೋವು ಅದ ಅಮೀನ್ ಸಾಹೇಬ್ರ. ಒಲ್ಲೆ ರೀ, ಬ್ಯಾಡ.”

“ಸಾವಕಾಶ ಹೊಡೀತಾನ. ಹಾಸಿಗಿ ಮ್ಯಾಲ ಸುಮ್ನ ಬೀಳ್ರಿ. ನಾ ಬಾಗಿಲಾ ತೆಗಿಯೋತನಕ ಏಳಬ್ಯಾಡ್ರಿ, ಅಷ್ಟ.”

ಅಮೀನನಿಗೆ ಒಲ್ಲೆ ಎಂದು ಎರಡನೆಯ ಸಲ ಹೇಳುವ ಧೈರ್ಯ ದವಾಖಾನೆಯ ಕಂಪೌಂಡರಿಗೆ ಎಲ್ಲಿಂದ ಬರಬೇಕು? ಗೊಣಗುತ್ತ ಇಳಿದ. ಅವನು ಕಾಲಿಟ್ಟಾಗ ಗಾಡಿಯ ಬೆನ್ನು ಕುಸಿದು, ಮುಂದಿನ ಕೊಂಡಿ ಕಿರ್ ಎಂದಿತು. ಮಾಣಿಕಪ್ಪ ಬಾಗಿಲು ಮುಚ್ಚಿದ. ಮಾಪಣ್ಣ ಹಿಂದಿನ ಸೀಟಿಗೆ ಹತ್ತಿ, ದೇವರನ್ನು ನೆನೆದು ಕಣ್ಣು ಮುಚ್ಚಿದ.

ಜೀಪು ಹೊರಟಿತು. ಹೊಲಗಳಲ್ಲಿ ತೊಗರಿ ಬಡಿಯುತ್ತಿದ್ದರು. ಮೈಬೂಬನ ಗಡ್ಡ ಬೆಳೆದಿತ್ತು, ಲಾಕಪ್ಪಿನಲ್ಲಿ ಯಾರೋ ಹೊಡೆದ ತುಟಿ ಇನ್ನೂ ಮಾಗಿರಲಿಲ್ಲ. ಆದರೂ ಸ್ಟಿಯರಿಂಗ್ ಕೈಗೆ ಬಂದಾಗಿನಿಂದ ಅವನ ಬೆನ್ನು ನೆಟ್ಟಗಾಗಿತ್ತು.

“ಸಾಬ್, ಅಮ್ಮಾ ಇವತ್ತೂ ಠಾಣಾ ಮುಂದ ಕುಂತಾಳೇನ್ರಿ?”

“ಕುಂತಾಳ.”

ಅವನ ತಾಯಿ ಮಸ್ತಾನಬಿ ಠಾಣೆಯ ಹುಣಸೆಮರದ ಕೆಳಗೆ ಬೀಡು ಬಿಟ್ಟಿದ್ದಳು. ಹೋಗುವಾಗ ಬರುವಾಗ “ಸಾಬ್, ನನ್ನ ಬೇಟಾ ಕೋಳಿ ಸುದ್ದಾ ಕೊಯ್ಯಾಂಗಿಲ್ಲರೀ” ಎನ್ನುವ ಅವಳ ಒಂದೇ ಮಾತು ಕೇಳಿ ಕೇಳಿ ಮಾಣಿಕಪ್ಪ ಹಿಂದಿನ ಬಾಗಿಲಿನಿಂದ ಠಾಣೆ ಹೊಕ್ಕು ಹೊರಡುವುದನ್ನು ಕಲಿತಿದ್ದ. ನಾಚಿಕೆಗೇಡು, ಅದು ಅವನಿಗೂ ಗೊತ್ತು. ಮಾಣಿಕಪ್ಪನ ವಿಧವೆ ತಂಗಿ ಶೇವಂತಾ ಮಾತ್ರ ದವಾಖಾನೆಯ ನರ್ಸ್ ಕೆಲಸ ಮುಗಿಸಿ ಬರುವಾಗ ದಿನಾ ಆ ಮುದುಕಿಗೆ ಚಹಾ ಒಯ್ದು ಕೊಡುತ್ತಿದ್ದಳು. ಮುದುಕಿ ಅತ್ತರೆ ತಾನೂ ಅಳುತ್ತಿದ್ದಳು.

ಇವತ್ತು ಬೆಳಿಗ್ಗೆಯೂ ಶೇವಂತಾ ಬುತ್ತಿ ಕಟ್ಟಿಕೊಟ್ಟಿದ್ದಳು, ಸಜ್ಜೆರೊಟ್ಟಿ, ಶೇಂಗಾ ಹಿಂಡಿ. “ಮೈಬೂಬಗೂ ಇರಲಿ,” ಎಂದು ಒಂದಿಷ್ಟು ಹೆಚ್ಚಿಗೆ ಇಟ್ಟಿದ್ದಳು. ಆಮೇಲೆ ಬಾಗಿಲಲ್ಲಿ ನಿಂತು, “ಅಣ್ಣಾ, ಆ ಗಾಡಿ ರಸ್ತೆಗೆ ತೆಗೀಬ್ಯಾಡ. ಅದು ಹೇಳೋದೇನದ? ಆ ಹುಡುಗ ಮಾಡಿಲ್ಲ, ಬಿಟ್ಟುಬಿಡು,” ಎಂದಿದ್ದಳು. ಬಿಡಲು ಅವನೇನು ದೊಡ್ಡ ಸಾಹೇಬನೇ? ಪಾಪ, ಅಣ್ಣನ ಜೀವಕ್ಕೆ ಹೆದರುತ್ತಾಳೆ ಎಂದುಕೊಂಡು ಬುತ್ತಿ ಹೆಗಲಿಗೇರಿಸಿದ್ದ.

“ಇದು ಬಾಲ ಯಾಕ ಆಡಿಸ್ತದೋ ಮೈಬೂಬ? ಯಾರೂ ಮಲಗದಿದ್ದಾಗ ಛಲೋನೇ ಬರ್ತದಲ್ಲ?”

“ಹಾಸಿಗಿ ಹಿಂದಕಾಯ್ತು ಸಾಬ್. ಗಾಲಿ ಹಿಂದ ಭಾರ ಬಿದ್ರ ಜೀಪಿಗೆ ಕಟ್ಟಿದ ಮುಂದಿನ ಮೂಕಿ ಮ್ಯಾಲೇಳ್ತದ, ಜೀಪಿನ ಹಿಂಗಾಲಿ ಹಗುರಾಗ್ತಾವ. ಆವಾಗ ಇಳಿಜಾರಿನ್ಯಾಗ ನಾ ಹೇಳಿದ್ದು ಅದು ಕೇಳಂಗಿಲ್ಲ, ಅದು ಹೇಳಿದ್ದು ನಾ ಕೇಳಬೇಕು. ಅದಕ್ಕ ಡಾಕ್ಟರ್ ಸಾಬ್ ಯಾವತ್ತೂ ಒಳಗ ಮಲಗಿ ಬರ್ತಿರಲಿಲ್ಲ. ನನ್ನ ಬಾಜೂಕ ಕುಂದರ್ತಿದ್ರು.”

ಹಿಂದಕ್ಕೆ ತೊಗರಿ ಚೀಲ ಹೇರಿದ ಬಂಡಿಯ ನೊಗ ಎದ್ದು ಎತ್ತಿನ ಗಂಟಲು ಒತ್ತುವುದನ್ನು ಮಾಣಿಕಪ್ಪ ಎಷ್ಟು ನೋಡಿಲ್ಲ! “ಮತ್ತ ಆವತ್ತು ಯಾಕ ಮಲಗಿದ್ರು?”

“ಜ್ವರ ಅಂದ್ರಲ್ರಿ ದವಾಖಾನಿಯವ್ರು. ಬೆಳಗಾಮುಂಜಾನಿ ನಾ ಜೀಪ್ ಕಟ್ಟಾಕ ಬಂದಾಗ ತಲಿತುಂಬ ರಗ್ಗು ಹೊಚ್ಚಿಕೊಂಡು ಗೋಡಿಕಡಿ ಮುಖ ಮಾಡಿದ್ರು. ‘ಸಾಬ್, ಹೊರಡ್ಲ್ಯಾ?’ ಅಂದೆ. ‘ಹೂಂ’ ಅಂದ್ರು. ಅಷ್ಟ.”

ಜ್ವರದ ಮಾತು ಸುಳ್ಳಿರಲಿಕ್ಕಿಲ್ಲ. ಹಿಂದಿನ ದಿನ ಜ್ವರ ನೋಡಿ ಗುಳಿಗೆ ಕೊಟ್ಟವಳು ಶೇವಂತಾಳೇ.

ಕಮಲಾಪುರಕ್ಕೆ ಮುಂಚೆ ಸಿಗುವ ಇಳಿಜಾರು ಕಂಡಿತು. ಮಹಾಗಾಂವದ್ದಕ್ಕಿಂತ ಕಡಿದು, ಉದ್ದ. ಮೈಬೂಬ ಗೇರು ಇಳಿಸಿ, ತುಟಿ ಬಿಗಿ ಹಿಡಿದ. “ಆ ಕಂಪೌಂಡರ್ ಭಾಳ ವಜ್ಜಿ ಅದಾರ ಸಾಬ್. ಇವತ್ತು ಖಾಜಾ ಬಂದೇನವಾಜರೇ ಕಾಪಾಡಬೇಕು.”

ಮಾಣಿಕಪ್ಪ ಕಂಬಿ ಹಿಡಿದ. ಹಿಂದೆ ಮಾಪಣ್ಣ ಸಣ್ಣಗೆ ಅಳತೊಡಗಿದ.

ಜೀಪು ಇಳಿಯಿತು. ಗಾಡಿಯೂ ಇಳಿಯಿತು.

ಓಲಾಡಲಿಲ್ಲ. ಒಂದಿಷ್ಟೂ ಓಲಾಡಲಿಲ್ಲ. ನಡುಮಟ್ಟ ದಾಟಿತು, ತಿರುವು ದಾಟಿತು. ಕೊಟ್ಟಿಗೆಗೆ ಮರಳುವ ಹಸುವಿನ ಹಾಗೆ ಸುಮ್ಮನೆ ಹಿಂದೆ ಬರುತ್ತಿತ್ತು.

“ಸಾಬ್,” ಮೈಬೂಬನ ದನಿ ಇಳಿದಿತ್ತು. “ಅಂವ ಒಳಗ ಅದಾನೋ, ಜಿಗಿದಾನೋ?”

ಮಾಣಿಕಪ್ಪ ತಲೆ ಹೊರಗೆ ಹಾಕಿ ಹಿಂದೆ ನೋಡಿದ. ಬಾಗಿಲು ಮುಚ್ಚಿಯೇ ಇತ್ತು. ರಸ್ತೆಯಲ್ಲಿ ಯಾರೂ ಬಿದ್ದಿರಲಿಲ್ಲ.

“ಈಗ ಹ್ಯಾಂಗ ಬರ್ಲಾಕತ್ತದ, ಆವತ್ತು ಓಲಾಟ ನಿಂತ ಮ್ಯಾಲ ಹಿಂಗೇ ಬಂತೇನು?”

ಮೈಬೂಬ ತನ್ನ ಕೈಯನ್ನೇ ಕೇಳುವವನಂತೆ ಸ್ಟಿಯರಿಂಗನ್ನು ತುಸು ಅತ್ತಿತ್ತ ಆಡಿಸಿ ನೋಡಿದ. “ಹೂಂ ಸಾಬ್. ಇದೇ. ಖಾಲಿ ಗಾಡಿ ಅಲ್ಲ ಇದು. ಖಾಲಿ ಇದ್ರ ಓಲಾಡಂಗಿಲ್ಲ, ಆದ್ರ ಮ್ಯಾಲ ಕೆಳಗ ಕುಣೀತದ. ಈಗ ಮೂಕಿ ಮ್ಯಾಲ ಭಾರ ಅದ. ಆವತ್ತೂ ಹಿಂಗೇ ಇತ್ತು.”

ಮಾಣಿಕಪ್ಪನ ದಣಿವು ಎಲ್ಲಿ ಹೋಯಿತೋ. ಅಂದರೆ ಆ ದಿನ ಮಹಾಗಾಂವದಲ್ಲಿ ಯಾರೂ ಇಳಿದಿರಲಿಲ್ಲ. ಭಾರ ಇಳಿದಿರಲಿಲ್ಲ, ಮುಂದಕ್ಕೆ ಸರಿದಿತ್ತು! ದೊಡ್ಡ ಸಾಹೇಬರು ಮೇಜು ಗುದ್ದಿದ್ದು ದಂಡ. ಹೆಣ ಎದ್ದು ಮುಂದೆ ಬಂದು ಕೂರುವುದಿಲ್ಲ.

“ನಿಲ್ಲಿಸಬ್ಯಾಡ. ಸೀದಾ ತೋಟಕ್ಕ ಹೊಡಿ.”

ಕಮಲಾಪುರದ ಆ ಬಾಳೆತೋಟ ಊರ ಹೊರಗಿತ್ತು. ಕೆಂಬಾಳೆಯ ಗೊನೆಗಳು ಬಿಸಿಲಿಗೆ ಇನ್ನಷ್ಟು ಕೆಂಪಾಗಿ ಜೋತಿದ್ದವು. ಆ ದಿನ ಮೈಬೂಬ ಇಲ್ಲಿಯೇ ಗಾಡಿ ನಿಲ್ಲಿಸಿ, ಜೀಪಿಗೆ ನೀರು ತರಲು ಬಾವಿಗೆ ಹೋಗಿ, ಬಂದು ಬಾಗಿಲು ತೆರೆದರೆ ಹಾಸಿಗೆ ಖಾಲಿ. ಈಗ ಜೀಪು ನಿಲ್ಲುವ ಮೊದಲೇ ಮಾಣಿಕಪ್ಪ ಜಿಗಿದ. ಓಡಿ ಹೋಗಿ ಬಾಗಿಲು ಎಳೆದ.

ಹಾಸಿಗೆ ಖಾಲಿ ಇತ್ತು.

ದತ್ತಪ್ಪ ತೀರಾ ಮುಂದೆ, ನೀರಿನ ಪೀಪಾಯಿಗೂ ಕಪಾಟಿಗೂ ನಡುವಿನ ಸಂದಿಯಲ್ಲಿ ಹೊಕ್ಕು ಕುಳಿತಿದ್ದ. ಎರಡೂ ಕೈಗಳಿಂದ ಪೀಪಾಯಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದ. ಬೆಳಕು ಬಿದ್ದಾಗ ಕಣ್ಣು ತೆರೆದು, ಅಮೀನನನ್ನು ನೋಡಿ, ಕೈ ಸಡಿಲಿಸಿದ.

“ಹಾಸಿಗಿ ಮ್ಯಾಲ ಬೀಳ್ರಿ ಅಂದಿದ್ದೆ.”

“ಹೆದರಿಕಿ ಆಯ್ತು ರೀ. ಗಾಡಿ ಓಲಾಡಿದ್ರ ಅಂತ ಮುಂದ ಬಂದೆ.”

“ಓಲಾಡಲೇ ಇಲ್ಲಲ್ರಿ. ಒಂದ್ಸಲನೂ.” ಮಾಣಿಕಪ್ಪ ಒಳಗೆ ಹತ್ತಿ ಖಾಲಿ ಹಲಗೆಯ ಮೇಲೆ ಕುಳಿತ. ಬೈಯಲು ಕೂಡ ಮನಸ್ಸಿರಲಿಲ್ಲ. “ಬಾಗಿಲಾ ಹಾಕಿದ ಕೂಡಲೇ ಬಂದು ಇಲ್ಲಿ ಕುಂತೀರಿ ನೀವು. ಮಾಪಣ್ಣ ಅತ್ತ, ಚೀರಿದ, ವಾಂತಿ ಮಾಡಿದ, ಆದ್ರ ಹಲಗಿ ಬಿಟ್ಟು ಏಳಲಿಲ್ಲ. ಮುಂದ ಬಂದ್ರ ನಿಲ್ತದ ಅಂತ ಅವಗ ಗೊತ್ತಿದ್ದಿಲ್ಲ. ನನಗೂ ಗೊತ್ತಿದ್ದಿಲ್ಲ. ನಿಮಗ ಹ್ಯಾಂಗ ಗೊತ್ತಾಯ್ತು ದತ್ತಪ್ಪನವ್ರ? ಈ ಗಾಡಿಯೊಳಗ ಕಾಲೇ ಇಟ್ಟಿಲ್ಲ ಅಂತ ಠಾಣಾದಾಗ ಜಬಾನಿ ಬರೆಸೀರಿ.”

ಬಾಗಿಲಲ್ಲಿ ಮೈಬೂಬ ಬಂದು ನಿಂತಿದ್ದ. ಬೇಡಿಯ ಬಳೆ ಅವನ ತೊಡೆಗೆ ತಾಗಿ ಅಲ್ಲಾಡುತ್ತಿತ್ತು. ದತ್ತಪ್ಪನ ಕಣ್ಣು ಆ ಬಳೆಯ ಮೇಲೆ ಬಿತ್ತು, ಅಲ್ಲಿಂದ ಅವನ ಒಡೆದ ತುಟಿಗೆ ಹೋಯಿತು.

“ರಗ್ಗಿನೊಳಗ ನಾನೇ ಇದ್ದೆ ರೀ,” ಎಂದ.

ಮೈಬೂಬ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಮಹಾಗಾಂವ ಇಳಿಜಾರಿನ್ಯಾಗ ನನ್ನ ಎತ್ತಿ ಗೋಡಿಗೆ ಒಗೀತು. ಕನ್ನಡಕದ ಮ್ಯಾಲೇ ಬಿದ್ದೆ. ಸತ್ತೆ ಅಂತ ತೆವಳಿ ಮುಂದ ಬಂದು ಈ ಪೀಪಾಯಿ ಹಿಡ್ಕೊಂಡೆ. ಆವಾಗ ಓಲಾಟ ನಿಂತಿತು. ಇಲ್ಲಿ ಇಂವ ನೀರಿಗೆ ಹೋದಾಗ ಬಾಳಿತ್ವಾಟದಾಗ ಇಳಿದು, ಬಾಳಿಗೊನಿ ಬಂಡಿ ಹತ್ತಿ ಕಲಬುರ್ಗಿಗೆ ಬಂದೆ. ನಾ ಮಾಡಿದ್ದು ಇಷ್ಟ ರೀ. ನನ್ನ ಮಕ್ಕಳಾಣಿ ಇಷ್ಟ.”

“ಡಾಕ್ಟರ್ ಎಲ್ಲಿ?”

“ಗೊತ್ತಿಲ್ಲ ರೀ. ಹಿಂದಿನ ದಿನ ಸಂಜಿಮುಂದೇ, ಇನ್ನೊಂದು ಕನ್ನಡಕ ಹಾಕ್ಕೊಂಡು ಹೋಗಿಬಿಟ್ಟಿದ್ರು. ಅವ್ರಿಗೆ ಜ್ವರಾನೂ ಇದ್ದಿಲ್ಲ, ಏನೂ ಇದ್ದಿಲ್ಲ. ಅವ್ರ ಸಾಕ್ಷಿಗೆ ಹೆದರಿ ಬೆನ್ನ ಹತ್ತಿದ ಮಂದಿ ಅವ್ರು ಗಾಡಿಯೊಳಗ ಅದಾರ ಅಂತ ತಿಳೀಬೇಕು, ಅಷ್ಟು ಮಾಡಿದ್ರ ಅವ್ರ ಜೀವ ಉಳೀತದ ಅಂದ್ರು. ಉಳೀತೋ ಇಲ್ಲೋ, ಅದೂ ನನಗ ಗೊತ್ತಿಲ್ಲ.”

“ಜೀವ ಉಳೀತದ ಅಂದ್ರು! ಇಂವನ ಜೀವ? ನಾಳೆ ರೈಲಿಗೆ ಹೊಂಟಾನ ಇಂವ! ಅವನ ತಾಯಿ ಮುಖ ನೋಡೀರೇನು ನೀವು?” ಮಾಣಿಕಪ್ಪ ಹಲಗೆಗೆ ಗುದ್ದಿದ. ಎಷ್ಟೋ ತಿಂಗಳ ಮೇಲೆ ಅವನಿಗೆ ಸಿಟ್ಟು ಬಂದಿತ್ತು, ಬಂದದ್ದು ಒಳ್ಳೆಯದೇ ಅನಿಸಿತು. “ಯಾರು ಅಂದ್ರು? ರಗ್ಗು ಕೊಟ್ಟು, ಕನ್ನಡಕ ಕೊಟ್ಟು, ಇಲ್ಲಿ ಮಲಗು ಅಂದವ್ರು ಯಾರು?”

ದತ್ತಪ್ಪ ನೋಡುತ್ತಿದ್ದುದು ಮಾಣಿಕಪ್ಪನ ಮುಖವನ್ನಲ್ಲ, ಹೆಗಲಿಗೆ ಜೋತುಬಿದ್ದಿದ್ದ ಬುತ್ತಿಯ ಗಂಟನ್ನು.

“ಹೇಳ್ರಿ! ಹೆಸರು ಹೇಳಿದ್ರ ಇಂವ ಇವತ್ತೇ ಮನೀಗೆ ಹೋಗ್ತಾನ. ಯಾರಾದ್ರೂ ಇರಲಿ, ನಾ ಬಿಡಾಂವಲ್ಲ.”

“ನಾನೂ ಕೇಳಿದ್ದೆ ರೀ,” ದತ್ತಪ್ಪ ಟವೆಲು ಬಾಯಿಗೆ ಒತ್ತಿಕೊಂಡ. “ಮೈಬೂಬನ ಗತಿ ಏನವ್ವಾ ಅಂತ ಕೇಳಿದ್ದೆ. ಅವಗೇನೂ ಆಗಂಗಿಲ್ಲ, ಹೆದರಬ್ಯಾಡ ಅಂದ್ರು. ಅಮೀನ ನಮ್ಮ ಮನ್ಯಾಗೇ ಅದಾನ, ಅವ ನಮ್ಮಣ್ಣ, ನಿರಪರಾಧಿಗೆ ಕೈ ಹಚ್ಚಂಗಿಲ್ಲ ಅಂದ್ರು.”

ಹೊರಗೆ ಮಾಪಣ್ಣ ಯಾರೊಡನೆಯೋ ಬಾಳೆಹಣ್ಣು ಕೇಳುತ್ತಿದ್ದ. ಮಾಣಿಕಪ್ಪ ಬುತ್ತಿಯನ್ನು ಹೆಗಲಿನಿಂದ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡ. ಶೇವಂತಾ ಗಂಟನ್ನು ಬಿಗಿಯಾಗಿ ಕಟ್ಟಿದ್ದಳು. ರೊಟ್ಟಿಯ ಬಿಸಿ ಆರಿ ಎಷ್ಟೋ ಹೊತ್ತಾಗಿತ್ತು.

ಮೈಬೂಬನಿಗೆ ಅರ್ಥವಾದದ್ದು ಅರ್ಧ. ಆ ಅರ್ಧಕ್ಕೇ ಅವನ ಕಣ್ಣು ತುಂಬಿತ್ತು. ಬೇಡಿಯಿದ್ದ ಕೈಯನ್ನು ಅಮೀನನ ಮುಂದೆ ಚಾಚಿದ.

“ಹೆಸರು ಸಿಕ್ತಲ್ರಿ ಸಾಬ್?” ಎಂದ. “ಇದನ್ನ ಬಿಚ್ರಿ. ಅಮ್ಮಾ ಕಾಯ್ಲಾಕತ್ತಾಳ.”